ಬಾಲ್ಯದ ಸಾಹಸವೂ ಹಿರಿಯರ ಋಣವೂ

ಮನುಷ್ಯನಿಗೆ ವಯಸ್ಸಾದಂತೆಲ್ಲ ನಿನ್ನೆ ನಡೆದ ಸಂಗತಿಯು ಮಸಕಾಗಿ, ಐವತ್ತು ಅರುವತ್ತು ವರ್ಷಗಳ ಹಿಂದಿನದು ಹತ್ತಿರಕ್ಕೆ ಬರುವುದೆಂಬುದು ಎಲ್ಲ ಮನೆಗಳಲ್ಲಿಯೂ ಕಂಡುಬರುವ ಮಾತು. ಹಾಗೆ ಬರುವ ನೆನಪುಗಳ ಮೊದಲ ಸಾಲಿನಲ್ಲಿ ಪಾಠಶಾಲೆಯ ಪಾಠಗಳಿರುವುದಿಲ್ಲ. ಹಬ್ಬದೂಟಗಳೂ ಅಷ್ಟಾಗಿ ಇರುವುದಿಲ್ಲ. ಕೆರೆಯ ಏರಿಯಿಂದ ನೀರಿಗೆ ಧುಮುಕಿದ್ದು, ಆಲದ ಬಿಳಲನ್ನು ಹಿಡಿದು ತೂಗಾಡಿದ್ದು, ಯಾರದೋ ತೋಪಿಗೆ ನುಗ್ಗಿ ಮಾವಿನಕಾಯಿ ಕಿತ್ತು ಕಾವಲುಗಾರನ ಕೂಗಿಗೆ ಬೇಲಿ ಹಾರಿದ್ದು, ಹೊಳೆಯ ನಡುವಣ ಬಂಡೆಯನ್ನು ಮುಟ್ಟಿ ಹಿಂದಿರುಗಿದ್ದು—ಇಂಥವೇ ಮುಂದೆ ಬಂದು ನಿಲ್ಲುತ್ತವೆ. ಸಂಜೆಯ ಹೊತ್ತು ಜಗಲಿಯ ಮೇಲೆ ನಾಲ್ವರು ಹಿರಿಯರು ಕೂಡಿದರೆ, ಮಾತು ಎಲ್ಲಿಂದ ಹೊರಟರೂ ಕೊನೆಗೆ ಈ ದಾರಿಗೇ ಬಂದು ಸೇರುವುದು. ಮೊಣಕಾಲಿನ ಮೇಲಣ ಹಳೆಯ ಗಾಯದ ಕಲೆಯನ್ನು ತೋರಿಸುವಾಗ ಅವರ ಮುಖದಲ್ಲಿ ಕಾಣುವ ಹಿಗ್ಗು, ಪಡೆದ ಪದವಿ ಸನ್ಮಾನಗಳನ್ನು ಹೇಳುವಾಗಲೂ ಕಾಣುವುದಿಲ್ಲ.

ಈ ಮಾತುಕತೆಯಲ್ಲಿ ಸಾಮಾನ್ಯವಾಗಿ ಮೂರು ವಾಕ್ಯಗಳಿರುತ್ತವೆ. ‘ನಾವು ಹೀಗೆಲ್ಲ ಆಡಿ ಬೆಳೆದೆವು’ ಎಂಬುದು ಮೊದಲನೆಯದು. ‘ಈಗಿನ ಮಕ್ಕಳಿಗೆ ಆ ಭಾಗ್ಯವಿಲ್ಲ; ಮನೆಯ ಮೂಲೆಯಲ್ಲಿ ಕುಳಿತು ಮೊಬೈಲನ್ನು ನೋಡುವುದೇ ಅವರಿಗೆ ಆಟ’ ಎಂಬುದು ಎರಡನೆಯದು. ಮೂರನೆಯದು ಜಗಲಿಯಲ್ಲಿ ಆಡತಕ್ಕ ಮಾತಲ್ಲ. ಮೊಮ್ಮಗನು ಹಿತ್ತಲಿನ ಸೀಬೆಯ ಮರದ ಎರಡನೆಯ ಕೊಂಬೆಯ ಮೇಲೆ ಕಾಲಿಟ್ಟಾಗ ಅದೇ ಹಿರಿಯರ ಬಾಯಿಂದ ತಾನಾಗಿ ಹೊರಡುವ ಮಾತು ಅದು: ‘ಇಳಿಯೋ ಮಗು, ಬಿದ್ದೀಯೆ!’

ಮೂರು ವಾಕ್ಯಗಳೂ ಒಂದೇ ನಾಲಗೆಯಿಂದ ಹೊರಡುವುದರಿಂದ ಇಲ್ಲಿ ಒಂದು ಧರ್ಮಪ್ರಶ್ನೆಯು ಏಳುತ್ತದೆ. ತಾನು ಹತ್ತಿದ ಮರವನ್ನು ಮಗುವು ಹತ್ತಕೂಡದೆನ್ನುವವನು ನ್ಯಾಯವಂತನೆ? ತನ್ನನ್ನು ಮನುಷ್ಯನನ್ನಾಗಿ ಮಾಡಿತೆಂದು ತಾನೇ ಹೊಗಳುವ ವಸ್ತುವನ್ನು ತನ್ನ ಮಕ್ಕಳಿಂದ ದೂರವಿಡಲು ಅವನಿಗೆ ಅಧಿಕಾರವುಂಟೆ? ಇದನ್ನು ಕಪಟವೆಂದು ತಳ್ಳಿಬಿಡುವುದು ಸುಲಭ. ಪ್ರೀತಿಯೆಂದು ಒಪ್ಪಿಬಿಡುವುದೂ ಅಷ್ಟೇ ಸುಲಭ. ಎರಡೂ ವಿಚಾರವನ್ನು ಅರ್ಧ ದಾರಿಯಲ್ಲಿ ನಿಲ್ಲಿಸುತ್ತವೆ. ಆದುದರಿಂದ ಆ ನೆನಪು ಎಂಥದು, ಅದರಲ್ಲಿ ಸತ್ಯವೆಷ್ಟು, ಆ ಸತ್ಯದಿಂದ ಹಿರಿಯರ ಮೇಲೆ ಬೀಳುವ ಹೊಣೆ ಯಾವುದು ಎಂಬುದನ್ನು ಕ್ರಮವಾಗಿ ನೋಡೋಣ.

ಮೊದಲು ಆಟವನ್ನೇ ನೋಡಬೇಕು. ಮರಕೋತಿಯಾಟವನ್ನು ತೆಗೆದುಕೊಳ್ಳಿ. ಮರದ ಬುಡದಲ್ಲಿ ಒಂದು ವೃತ್ತವನ್ನು ಗೀಚಿ, ಒಬ್ಬನು ತನ್ನ ಕಾಲಿನ ಸಂದಿನಿಂದ ಕೋಲನ್ನು ದೂರಕ್ಕೆ ಎಸೆಯುವನು. ಕಳ್ಳನಾದವನು ಓಡಿ ಅದನ್ನು ತಂದು ವೃತ್ತದೊಳಗೆ ಇಡುವಷ್ಟರಲ್ಲಿ ಉಳಿದವರೆಲ್ಲರೂ ಮರವನ್ನೇರಬೇಕು. ಅವನು ಮೇಲೆ ಬಂದು ಯಾರನ್ನಾದರೂ ಮುಟ್ಟುವ ಮೊದಲು ಕೆಳಕ್ಕೆ ಹಾರಿ ಕೋಲನ್ನು ಹಿಡಿದವನು ಪಾರಾದನು. ಇಷ್ಟೇ ಆಟ. ಆದರೆ ಇದರಲ್ಲಿ ಮಗುವು ಪ್ರತಿ ಕ್ಷಣವೂ ತೂಗಿ ನೋಡಬೇಕಾದವು ಎಷ್ಟು! ಹುಣಸೆಯ ಕೊಂಬೆ ಸಣ್ಣದಾದರೂ ತಾಳುತ್ತದೆ. ನುಗ್ಗೆಯದು ದಪ್ಪನಾಗಿ ಕಂಡರೂ ಲಟಕ್ಕನೆ ಮುರಿಯುತ್ತದೆ. ಮಳೆ ಬಿದ್ದ ಮರುದಿನ ತೊಗಟೆ ಜಾರುತ್ತದೆ. ತನ್ನ ಕೈಗೆ ಎಟಕುವುದೆಷ್ಟು, ತನ್ನ ಕಾಲು ಹಾರಬಲ್ಲುದೆಷ್ಟು, ತನಗಿಂತ ಚಿಕ್ಕವನು ಮೇಲಿದ್ದರೆ ಅವನನ್ನು ಬೆನ್ನಟ್ಟುವುದು ಸರಿಯೆ—ಇವೆಲ್ಲವನ್ನೂ ಎಂಟು ಹತ್ತು ವರ್ಷದ ಮಗುವು ಯಾರನ್ನೂ ಕೇಳದೆ ತಾನೇ ತೀರ್ಮಾನಿಸಬೇಕು. ತೀರ್ಮಾನವು ತಪ್ಪಾದರೆ ಅದರ ಫಲವನ್ನು ತಾನೇ ಉಣ್ಣಬೇಕು. ಲಗೋರಿಯಲ್ಲಿ ಚೆಂಡಿನ ಏಟು, ಚಿನ್ನಿದಾಂಡಿನಲ್ಲಿ ಹಾರಿ ಬರುವ ಚಿನ್ನಿ, ಬುಗುರಿಯ ಮೊಳೆ—ಎಲ್ಲದರಲ್ಲಿಯೂ ಒಂದಿಷ್ಟು ನೋವಿನ ಸಂಭವವು ಸೇರಿಯೇ ಇತ್ತು. ಜಗಳವಾದರೆ ತೀರಿಸುವವರೂ ಅವರೇ. ನಿಯಮವನ್ನು ಬದಲಿಸುವವರೂ ಅವರೇ. ಹಿರಿಯರ ನೆನಪಿನ ಸವಿಯೆಲ್ಲ ಈ ಸ್ವಾತಂತ್ರ್ಯದ ಸವಿಯೆಂದು ತೋರುತ್ತದೆ.

ಆದರೆ ಈ ನೆನಪನ್ನು ಒಪ್ಪುವ ಮೊದಲು ಎರಡು ಆಕ್ಷೇಪಗಳನ್ನು ಎದುರಿಸಲೇಬೇಕು. ಅವುಗಳಲ್ಲಿ ಮೊದಲನೆಯದು ಅತಿ ಸರಳವಾದುದು: ಜಗಲಿಯ ಮೇಲೆ ಕುಳಿತು ಕಥೆ ಹೇಳುವವರೆಲ್ಲರೂ ಹಿಂದಿರುಗಿ ಬಂದವರು. ಬಾವಿಯಿಂದ ಮೇಲಕ್ಕೆ ಬಾರದ ಹುಡುಗನು ಜಗಲಿಗೆ ಬಂದು ಕೂರುವುದಿಲ್ಲ. ‘ನಮಗೇನಾಯಿತು, ಗಟ್ಟಿಯಾಗಿಯೇ ಇದ್ದೇವಲ್ಲ’ ಎಂಬ ವಾದವು ಆ ಕಾರಣದಿಂದ ವಾದವೇ ಅಲ್ಲ. ಏನಾದರೂ ಆದವರಿಗೆ ಆ ಸಭೆಯಲ್ಲಿ ಸ್ಥಳವಿಲ್ಲ. ಹಳೆಯ ಊರುಗಳಲ್ಲಿ ಇಂಥ ಬಾವಿಗೆ, ಇಂಥ ಮಡುವಿಗೆ ಮಕ್ಕಳು ಹೋಗಕೂಡದೆಂಬ ಹೇಳಿಕೆಗಳು ಬಳಕೆಯಲ್ಲಿದ್ದುವು. ಅಲ್ಲಿ ದೆವ್ವವಿದೆಯೆಂದೂ ಹೇಳುತ್ತಿದ್ದರು. ಎಷ್ಟೋ ಸಲ ಆ ದೆವ್ವದ ಮಾತಿನ ಹಿಂದೆ ಒಬ್ಬ ತಾಯಿಯ ದುಃಖವಿರುತ್ತದೆ. ಇದು ಹಿಂದಿನ ಮಾತು ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತರು. ಈ ಸಾವುಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಸಂಭವಿಸಿದ್ದು ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ. ಸತ್ತವರಲ್ಲಿ ಎಳೆಯ ಮಕ್ಕಳ ಪಾಲು ದೊಡ್ಡದು. ಕೆರೆಯ ಸವಿಯನ್ನು ಹೊಗಳುವವನು ಈ ಲೆಕ್ಕವನ್ನು ಮರೆತರೆ ಅವನ ಹೊಗಳಿಕೆಯು ಸುಳ್ಳುಸಾಕ್ಷಿಯ ಜಾತಿಗೆ ಸೇರುವುದು.

ಬದುಕಿ ಉಳಿದವರಲ್ಲಿಯೂ ಎಲ್ಲರ ನೆನಪು ಒಂದೇ ಆಗಿರುವುದಿಲ್ಲ. ಮಹಾಭಾರತದ ಆದಿಪರ್ವದಲ್ಲಿ ಭೀಮನ ಬಾಲ್ಯಕ್ರೀಡೆಯ ವರ್ಣನೆಯಿದೆ. ಕೌರವ ಬಾಲಕರು ಹಣ್ಣು ಕೀಳಲು ಮರವನ್ನೇರಿದ್ದಾಗ ಅವನು ಮರವನ್ನು ಒದೆದು ಅಲುಗಾಡಿಸುವನು. ಅವರು ಹಣ್ಣುಗಳೊಡನೆಯೇ ಉದುರುವರು. ನೀರಾಟದಲ್ಲಿ ಹತ್ತು ಜನ ಬಾಲಕರನ್ನು ತೋಳುಗಳಲ್ಲಿ ತಬ್ಬಿ ನೀರೊಳಗೆ ಮುಳುಗಿಸಿ, ಪ್ರಾಣ ಹೋಗುವಂತಾದಾಗ ಬಿಡುವನು. ಇದನ್ನು ಅವನು ದ್ರೋಹಬುದ್ಧಿಯಿಂದಲ್ಲ, ಹುಡುಗತನದಿಂದ ಮಾಡಿದನೆಂದು ಕವಿಯು ಸ್ಪಷ್ಟವಾಗಿಯೇ ಹೇಳುತ್ತಾನೆ. ಹಾಗಿದ್ದರೂ ಆ ಹುಡುಗತನದಿಂದ ಮೊಳೆತ ದ್ವೇಷವು ಗಂಗೆಯ ತೀರದ ಪ್ರಮಾಣಕೋಟಿಯಲ್ಲಿ ಭೀಮನಿಗೆ ವಿಷವಿಕ್ಕಿ ನೀರಿಗೆ ತಳ್ಳುವವರೆಗೂ ಬೆಳೆಯಿತು. ಮುಪ್ಪಿನಲ್ಲಿ ಭೀಮನು ಆ ಮರವನ್ನು ನೆನೆದಿದ್ದರೆ ನಕ್ಕಿರಬಹುದು. ಉದುರಿದವರಿಗೆ ಆ ನಗು ಬರುತ್ತಿತ್ತೆ? ನಮ್ಮ ಊರಾಟಗಳಲ್ಲಿಯೂ ಒದೆದವನು ಇದ್ದನು, ಉದುರಿದವನೂ ಇದ್ದನು. ಕಥೆಯನ್ನು ಹೇಳಲು ಮುಂದೆ ಬರುವವನು ಬಹುಮಟ್ಟಿಗೆ ಮೊದಲನೆಯವನು.

ಎರಡನೆಯ ಆಕ್ಷೇಪವು ಇದಕ್ಕಿಂತ ಆಳವಾದುದು. ‘ಆ ಕಾಲದಲ್ಲಿ ಮಕ್ಕಳೆಲ್ಲರೂ ಬಯಲಿನಲ್ಲಿ ಆಡಿದರು’ ಎಂಬಾಗ ಆ ‘ಎಲ್ಲರೂ’ ಎಂಬ ಪದದಲ್ಲಿ ಯಾರು ಯಾರು ಸೇರಿದ್ದರು? ಊರ ಕೆರೆಯು ಎಲ್ಲರದೂ ಆಗಿರಲಿಲ್ಲ. ಕೊಂಕಣದ ಮಹಾಡಿನ ಚವದಾರ ಕೆರೆಯ ನೀರನ್ನು ಮುಟ್ಟುವ ಹಕ್ಕಿಗಾಗಿ 1927ರ ಮಾರ್ಚ್ ತಿಂಗಳಲ್ಲಿ ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಒಂದು ಬೊಗಸೆ ನೀರು ಕುಡಿಯಬೇಕಾಯಿತು. ಅದಕ್ಕಾಗಿ ಜನರು ಪೆಟ್ಟು ತಿನ್ನಬೇಕಾಯಿತು. ಆ ವ್ಯಾಜ್ಯವು ಮುಂಬಯಿಯ ಹೈಕೋರ್ಟಿನಲ್ಲಿ ಇತ್ಯರ್ಥವಾಗಲು 1937ರ ವರೆಗೆ ಕಾಯಬೇಕಾಯಿತು. ಕುಡಿಯುವ ನೀರಿಗೇ ಇಷ್ಟಾದರೆ ಈಜುವ ನೀರಿನ ಮಾತೇನು? ಒಬ್ಬ ಹುಡುಗನು ಏರಿಯಿಂದ ಧುಮುಕುತ್ತಿದ್ದಾಗ ಮತ್ತೊಬ್ಬನು ದೂರದಲ್ಲಿ ನಿಂತು ನೋಡುತ್ತಿದ್ದನೆಂಬುದನ್ನು ಧುಮುಕಿದವನ ನೆನಪು ಸಾಮಾನ್ಯವಾಗಿ ಹೇಳುವುದಿಲ್ಲ. ದನ ಕಾಯಲು ಹೋದ ಕೂಲಿಯ ಹುಡುಗನಿಗೂ ಮರ, ಹಳ್ಳ, ಗುಡ್ಡಗಳ ಪರಿಚಯವಿದ್ದಿತು. ಆದರೆ ಅವನಿಗೆ ಅದು ಹೊಟ್ಟೆಪಾಡಿನ ದಾರಿಯಾಗಿದ್ದಿತೇ ಹೊರತು ಬಿಡುವಿನ ವಿಹಾರವಾಗಿರಲಿಲ್ಲ.

ಹೆಣ್ಣುಮಕ್ಕಳ ಮಾತು ಇನ್ನೂ ಬೇರೆ. ಮದುವೆಗೆ ಹುಡುಗಿಯ ವಯಸ್ಸು ಕಡೆಯಪಕ್ಷ 14 ಆಗಿರಬೇಕೆಂಬ ಶಾರದಾ ಕಾಯಿದೆಯು ಬಂದದ್ದೇ 1929ರಲ್ಲಿ. ಅದಕ್ಕೆ ಮೊದಲು ಮಾತ್ರವಲ್ಲ, ಅದು ಬಂದ ಮೇಲೆಯೂ ಬಹುಕಾಲದವರೆಗೆ ಎಷ್ಟೋ ಹುಡುಗಿಯರಿಗೆ ಕುಂಟೆಬಿಲ್ಲೆಯ ಬಿಲ್ಲೆ ಕೈಯಲ್ಲಿರುವಾಗಲೇ ಬಾಲ್ಯವು ಮುಗಿದುಹೋಗುತ್ತಿತ್ತು. ಉತ್ತರ ಕರ್ನಾಟಕದ ನಾಗರಪಂಚಮಿಯ ಜೋಕಾಲಿಯನ್ನು ಕಂಡವರಿಗೆ ಇದರ ಅರ್ಥವಾದೀತು. ಎತ್ತರವಾದ ಮರದ ಕೊಂಬೆಗೆ ದಪ್ಪ ಹಗ್ಗ ಕಟ್ಟಿ, ತವರಿಗೆ ಬಂದ ಹೆಣ್ಣುಮಕ್ಕಳು ಇಬ್ಬಿಬ್ಬರಾಗಿ ನಿಂತು ಮುಗಿಲು ಮುಟ್ಟುವಂತೆ ಜೀಕುತ್ತಾರೆ. ಅದು ಸಾಹಸವಲ್ಲದೆ ಮತ್ತೇನು? ಗಂಡುಮಕ್ಕಳಿಗೆ ವರ್ಷವಿಡೀ ಇದ್ದ ಸ್ವಾತಂತ್ರ್ಯವು ಹೆಣ್ಣುಮಕ್ಕಳಿಗೆ ಹಬ್ಬದ ನೆಪದಲ್ಲಿ ಕೆಲವು ದಿನ ಮಾತ್ರ ದೊರೆಯುತ್ತಿದ್ದಿತು. ಅಜ್ಜಿಯರು ಆ ಜೋಕಾಲಿಯನ್ನು ನೆನೆಯುವಾಗ ಅವರ ಕಣ್ಣಿನಲ್ಲಿ ಬರುವ ಹೊಳಪಿಗೆ ಇದೂ ಒಂದು ಕಾರಣವಿರಬೇಕು.

ಹೀಗಿರಲು, ಹಿರಿಯರ ನೆನಪೆಲ್ಲ ಭ್ರಾಂತಿಯೆಂದು ಹೇಳಿಬಿಡೋಣವೆ? ಹಾಗೆ ಹೇಳಿದರೂ ಅನ್ಯಾಯವಾಗುವುದು. ಎರಡು ಆಕ್ಷೇಪಗಳೂ ಆ ನೆನಪು ಅಪೂರ್ಣವೆಂದು ತೋರಿಸುತ್ತವೆಯೇ ಹೊರತು ಅದು ನೆನೆಯುವ ವಸ್ತುವು ಒಳ್ಳೆಯದಲ್ಲವೆಂದು ತೋರಿಸುವುದಿಲ್ಲ. ಕೆರೆಯಿಂದ ಹೊರಗಿಡಲ್ಪಟ್ಟವನ ಕೊರಗೇ ಕೆರೆಯ ಬೆಲೆಗೆ ದೊಡ್ಡ ಸಾಕ್ಷಿ. ಜೋಕಾಲಿಯು ನಾಲ್ಕು ದಿನ ಮಾತ್ರ ದೊರೆಯಿತೆಂಬ ದುಃಖವು ಜೋಕಾಲಿಯು ಬೇಡವೆಂದು ಹೇಳುವುದಿಲ್ಲ. ವರ್ಷವಿಡೀ ಬೇಕಾಗಿತ್ತೆಂದು ಹೇಳುತ್ತದೆ.

ಈ ಸಾಕ್ಷ್ಯಕ್ಕೆ ರವೀಂದ್ರನಾಥ ಠಾಕೂರರ ಬಾಲ್ಯವು ಒಳ್ಳೆಯ ಉದಾಹರಣೆ. 1912ರಲ್ಲಿ ಪ್ರಕಟವಾದ ತಮ್ಮ ಜೀವನಸ್ಮೃತಿಯಲ್ಲಿ ಅವರು ಹೇಳಿಕೊಂಡಿರುವಂತೆ, ಕಲ್ಕತ್ತೆಯ ದೊಡ್ಡ ಮನೆಯಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದ ಸೇವಕನೊಬ್ಬನು ಹುಡುಗನನ್ನು ಒಂದೆಡೆ ಕೂರಿಸಿ ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆದು, ಇದನ್ನು ದಾಟಿದರೆ ಅಪಾಯವೆಂದು ಹೆದರಿಸಿ ಹೋಗುತ್ತಿದ್ದನು. ಗೆರೆ ದಾಟಿದ ಸೀತೆಗೆ ಏನಾಯಿತೆಂಬುದನ್ನು ಬಲ್ಲ ಹುಡುಗನು ಕದಲದೆ ಕುಳಿತು, ಕಿಟಕಿಯಿಂದ ಕಾಣುವ ಕೊಳವನ್ನೂ ಆಲದ ಮರವನ್ನೂ ದಿನವೆಲ್ಲ ನೋಡುತ್ತಿದ್ದನು. ಸೇವಕನ ದೃಷ್ಟಿಯಿಂದ ನೋಡಿದರೆ ಆ ಹುಡುಗನಿಗಿಂತ ಕ್ಷೇಮವಾಗಿದ್ದ ಮಗುವು ಊರಿನಲ್ಲಿಯೇ ಇರಲಿಲ್ಲ. ಆದರೆ ಬೆಳೆದ ಮೇಲೆ ರವೀಂದ್ರರು ಏನು ಮಾಡಿದರು? 1901ರಲ್ಲಿ ಶಾಂತಿನಿಕೇತನದಲ್ಲಿ ಬೆರಳೆಣಿಕೆಯ ಹುಡುಗರಿಂದ ಪಾಠಶಾಲೆಯನ್ನು ಆರಂಭಿಸಿ, ಮರದ ನೆರಳನ್ನೇ ತರಗತಿಯನ್ನಾಗಿ ಮಾಡಿದರು. ತಮಗೆ ದೊರೆಯದುದನ್ನು ಪರರ ಮಕ್ಕಳಿಗೆ ಕೊಟ್ಟರು. ತಮಗೆ ಧಾರಾಳವಾಗಿ ದೊರೆತುದನ್ನು ತಮ್ಮ ಮಕ್ಕಳಿಗೇ ಕೊಡದೆ ಕೇವಲ ವರ್ಣಿಸುತ್ತ ಕೂರುವವರು ಈ ನಡತೆಯ ಎದುರಿಗೆ ತಮ್ಮನ್ನು ನಿಲ್ಲಿಸಿ ನೋಡಿಕೊಳ್ಳತಕ್ಕದ್ದು.

ಗೆರೆಯೊಳಗಿನ ಮಗುವಿಗೆ ತಪ್ಪಿಹೋಗುವುದಾದರೂ ಏನು? ವ್ಯಾಯಾಮವೆಂದು ಕೆಲವರು ಹೇಳಬಹುದು. ಅದನ್ನು ಮನೆಯೊಳಗೂ ಮಾಡಿಸಬಹುದು. ತಪ್ಪಿಹೋಗುವುದು ವಿವೇಕದ ಅಭ್ಯಾಸ. ಗ್ರೀಸಿನ ತತ್ತ್ವಜ್ಞನಾದ ಅರಿಸ್ಟಾಟಲನು ಧೈರ್ಯವು ಹೇಡಿತನಕ್ಕೂ ಹುಂಬತನಕ್ಕೂ ನಡುವಣ ಗುಣವೆಂದೂ, ಅಂಥ ಗುಣಗಳು ಉಪದೇಶದಿಂದಲ್ಲ, ಮಾಡಿ ಮಾಡಿಯೇ ಬರತಕ್ಕವೆಂದೂ ವಿವರಿಸಿದ್ದಾನೆ. ಇದು ನಮ್ಮ ಹಳ್ಳಿಯ ಅನುಭವಕ್ಕೂ ಒಪ್ಪುವ ಮಾತೇ. ಯಾವ ಕೊಂಬೆಯನ್ನು ನಂಬಬೇಕೆಂಬುದನ್ನು ಕೊಂಬೆಯ ಮೇಲೆ ನಿಂತಲ್ಲದೆ ಕಲಿಯಲಾಗದು. ‘ಇಷ್ಟು ಸಾಕು, ಇನ್ನು ಮೇಲಕ್ಕೆ ಹೋಗೆನು’ ಎಂದು ತನಗೆ ತಾನೇ ಹೇಳಿಕೊಂಡು ಗೆಳೆಯರ ಹಾಸ್ಯವನ್ನು ಸಹಿಸಿ ಇಳಿಯುವ ಹುಡುಗನು ಆ ದಿನ ಮರವನ್ನೇರಿದವನಿಗಿಂತಲೂ ದೊಡ್ಡ ಪಾಠವನ್ನು ಕಲಿತಿರುತ್ತಾನೆ. ಎಂದೂ ತಾನಾಗಿ ‘ಬೇಡ’ ಎನ್ನುವ ಸಂದರ್ಭವೇ ಬಾರದ ಮಗುವು ಇಪ್ಪತ್ತನೆಯ ವಯಸ್ಸಿನಲ್ಲಿ ಸಾಲ, ಸಹವಾಸ, ವ್ಯಸನಗಳ ಕೊಂಬೆಗಳ ನಡುವೆ ನಿಂತಾಗ ಯಾವ ಅಭ್ಯಾಸದ ಬಲದಿಂದ ‘ಬೇಡ’ ಎಂದೀತು?

ಇಲ್ಲಿ ತಂದೆತಾಯಿಗಳು ಒಂದು ನ್ಯಾಯವಾದ ಮಾತನ್ನು ಹೇಳುವರು: ‘ಕಾಲವು ಬದಲಾಗಿದೆ; ಅಂದಿನ ಬೀದಿಯಲ್ಲಿ ಎತ್ತಿನ ಗಾಡಿಯಿತ್ತು, ಇಂದು ಲಾರಿಯಿದೆ.’ ಇದು ನಿಜ. ಆದರೆ ಇದರಿಂದ ಹೊರಡುವ ತೀರ್ಮಾನವನ್ನು ಪರೀಕ್ಷಿಸಬೇಕು. ಇಂಗ್ಲೆಂಡಿನಲ್ಲಿ ಏಳೆಂಟು ವರ್ಷದ ಮಕ್ಕಳು ಹಿರಿಯರ ಜೊತೆಯಿಲ್ಲದೆ ಪಾಠಶಾಲೆಗೆ ಹೋಗುವುದನ್ನು ಕುರಿತು ವಿಚಾರಿಸಿದವರಿಗೆ, 1971ರಲ್ಲಿ ನೂರಕ್ಕೆ 80 ಮಕ್ಕಳು ಹಾಗೆ ಹೋಗುತ್ತಿದ್ದರೆಂದೂ 1990ರಲ್ಲಿ 9 ಮಕ್ಕಳು ಮಾತ್ರ ಹೋಗುತ್ತಿದ್ದರೆಂದೂ ಕಂಡುಬಂದಿತು. ರಸ್ತೆಯ ಅಪಘಾತಗಳಲ್ಲಿ ಸಾಯುವ ಮಕ್ಕಳ ಸಂಖ್ಯೆಯು ಇಳಿದುದಕ್ಕೆ ರಸ್ತೆಗಳು ನಿರಪಾಯವಾದುದಕ್ಕಿಂತ ಮಕ್ಕಳನ್ನೇ ರಸ್ತೆಯಿಂದ ತೆಗೆದುದು ಕಾರಣವೆಂದು ಅವರು ವಾದಿಸಿದರು. ನಮ್ಮ ಪಟ್ಟಣಗಳಲ್ಲಿಯೂ ನಡೆದಿರುವುದು ಇದೇ. ಲಾರಿಗೂ ಮಗುವಿಗೂ ಒಂದೇ ಬೀದಿಯಲ್ಲಿ ಸ್ಥಳವಿಲ್ಲವೆಂದಾದಾಗ ನಾವು ಮಗುವನ್ನು ಒಳಗೆ ಕರೆದೆವು. ಲಾರಿಗೆ ಯಾರೂ ‘ಬಿದ್ದೀಯೆ’ ಎನ್ನಲಿಲ್ಲ.

ಆಟದ ನೆಲದ ಕಥೆಯೂ ಹಾಗೆಯೇ. ಬೆಂಗಳೂರಿನ ಧರ್ಮಾಂಬುಧಿ ಕೆರೆಯಿದ್ದ ಸ್ಥಳವು ಇಂದು ಕೆಂಪೇಗೌಡ ಬಸ್ ನಿಲ್ದಾಣವಾಗಿದೆ. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವು ನಿಂತಿದೆ. ಚಲ್ಲಘಟ್ಟದ ಕೆರೆಯ ನೆಲದಲ್ಲಿ ಗಾಲ್ಫ್ ಮೈದಾನವಿದೆ. ಬಸ್ಸೂ ಬೇಕು, ಕ್ರೀಡಾಂಗಣವೂ ಬೇಕು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಮಗುವು ಯಾರ ಅಪ್ಪಣೆಯನ್ನೂ ಬೇಡದೆ ಇಳಿಯಬಹುದಾಗಿದ್ದ ನೆಲವು, ಕೆಲವರು ಆಡಿ ಹಲವರು ನೋಡುವ ನೆಲವಾಗಿ ಮಾರ್ಪಟ್ಟಿತೆಂಬುದನ್ನು ಗಮನಿಸಬೇಕು. ಹಳ್ಳಿಗಳಲ್ಲಿ ಗೋಮಾಳ, ಗುಂಡುತೋಪುಗಳು ಕರಗಿದ ಬಗೆಯನ್ನು ವಾಚಕರು ತಮ್ಮ ತಮ್ಮ ಊರುಗಳಲ್ಲಿಯೇ ಕಂಡಿರಬಹುದು. ಈ ಮಾರ್ಪಾಟುಗಳಿಗೆಲ್ಲ ಸಹಿ ಹಾಕಿದವರು, ಮಾರಿದವರು, ಕೊಂಡವರು, ಕಂಡೂ ಸುಮ್ಮನಿದ್ದವರು ಮಕ್ಕಳಲ್ಲ. ಕೆರೆಯನ್ನು ಮುಚ್ಚಿದ ಮೇಲೆ ‘ಮಕ್ಕಳು ಈಜಲೊಲ್ಲರು’ ಎಂದು ದೂರುವುದು, ಅನ್ನವನ್ನು ಬಡಿಸದೆ ‘ಮಗುವು ಉಣ್ಣಲೊಲ್ಲದು’ ಎಂದಂತೆ.

ಈ ಅನ್ಯಾಯವನ್ನು ತಡೆಯುವುದು ಸಾಧ್ಯವೇ ಇಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ನಕ್ಷೆಯಂತೆ ಉದ್ಯಾನಕ್ಕಾಗಿ ಬಿಟ್ಟಿದ್ದ ನೆಲವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಾರ್ವಜನಿಕರಿಗೆಂದು ಮೀಸಲಾದ ಬಯಲನ್ನು ಹೀಗೆ ಬದಲಿಸಲಾಗದೆಂದು ತೀರ್ಪಿತ್ತಿತು. ಆಸ್ಪತ್ರೆಯು ಒಳ್ಳೆಯದಲ್ಲವೆಂದು ಯಾರೂ ಹೇಳಲಿಲ್ಲ. ಆದರೆ ಮಕ್ಕಳ ಬಯಲು ಖಾಲಿ ಬಿದ್ದಿರುವ ನೆಲವಲ್ಲ, ಅದಕ್ಕೂ ಒಡೆಯರಿದ್ದಾರೆ ಎಂಬ ತತ್ತ್ವವು ಅಲ್ಲಿ ಗೆದ್ದಿತು. ಮಗುವಿಗೆ ಆಟದ ಹಕ್ಕುಂಟೆಂದು 1989ರ ಅಂತರರಾಷ್ಟ್ರೀಯ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಹೇಳುತ್ತದೆ. ಭಾರತವು ಅದನ್ನು 1992ರಲ್ಲಿ ಒಪ್ಪಿತು. ಹಕ್ಕು ಎಂದ ಮೇಲೆ ಅದನ್ನು ಸಲ್ಲಿಸಬೇಕಾದವರೂ ಇರಲೇಬೇಕು.

ಸ್ಥಳವು ದೊರೆತರೂ ಅಪಾಯದ ಪ್ರಶ್ನೆಯು ಉಳಿಯುತ್ತದೆ. ಇಲ್ಲಿ ಒಂದು ಭೇದವನ್ನು ಮಾಡಿಕೊಂಡರೆ ದಾರಿಯು ತಿಳಿಯಾಗುವುದು. ಮಗುವಿಗೆ ಕಾಣುವ ಅಪಾಯ ಬೇರೆ, ಕಾಣದ ಅಪಾಯ ಬೇರೆ. ಮರದ ಎತ್ತರವು ಕಾಣುವ ಅಪಾಯ; ಹತ್ತುವಾಗ ಮಗುವಿಗೆ ಅದು ಗೊತ್ತು, ಅದನ್ನು ಗೊತ್ತಿಟ್ಟುಕೊಂಡೇ ಕೈಯಿಡುತ್ತದೆ. ಹೊಳೆಯಲ್ಲಿ ಮರಳು ತೋಡಿದವರು ಬಿಟ್ಟುಹೋದ ಆಳವಾದ ಗುಂಡಿಯು ಕಾಣದ ಅಪಾಯ. ತಿಳಿಯಾದ ನೀರಿನ ಕೆಳಗೆ ಅದು ಬಾಯಿ ತೆರೆದಿರುತ್ತದೆ. ಕೆರೆಯ ಹೂಳು, ಕಟ್ಟೆಯಿಲ್ಲದ ಬಾವಿ, ತೆರೆದು ಬಿಟ್ಟ ಕೊಳವೆಬಾವಿ, ಜೋತುಬಿದ್ದ ವಿದ್ಯುತ್ತಿನ ತಂತಿ—ಇವುಗಳ ಎದುರಿಗೆ ಮಗುವಿನ ವಿವೇಕಕ್ಕೆ ಕೆಲಸವೇ ಇಲ್ಲ. ಇವನ್ನು ತೆಗೆಯುವುದು ಹಿರಿಯರ ಧರ್ಮ. ಮೊದಲನೆಯದನ್ನು ಉಳಿಸುವುದೂ ಅವರ ಧರ್ಮವೇ. ಆದರೆ ವ್ಯವಹಾರದಲ್ಲಿ ಇದು ತಿರುಗುಮುರುಗಾಗಿದೆ: ಗುಂಡಿಯನ್ನು ಮುಚ್ಚಿಸಲು ಹತ್ತು ಸಲ ಕಚೇರಿಗೆ ಅಲೆಯಬೇಕು, ಮಗುವನ್ನು ಮರದಿಂದ ಇಳಿಸಲು ಒಂದು ಗದರು ಸಾಕು. ಸುಲಭವಾದುದನ್ನು ಮಾಡಿ ಕರ್ತವ್ಯವು ತೀರಿತೆಂದುಕೊಳ್ಳುತ್ತೇವೆ.

ಹಿಂದಿನವರು ಈಜು ಕಲಿಸುತ್ತಿದ್ದ ಕ್ರಮದಲ್ಲಿ ಈ ಪ್ರಶ್ನೆಗೆ ಉತ್ತರವು ಅಡಗಿದೆ. ಬಯಲುಸೀಮೆಯ ಬಾವಿಗಳಲ್ಲಿ ಮಗುವಿನ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಹಗುರಾದ ಬೆಂಡುಗಳನ್ನೋ ಹುರಿಯಿಂದ ಬಿಗಿದು ನೀರಿಗೆ ಬಿಡುತ್ತಿದ್ದರು. ಸೋದರಮಾವನೋ ಚಿಕ್ಕಪ್ಪನೋ ಕೈಯಳತೆಯಲ್ಲಿ ಈಜುತ್ತಿರುತ್ತಿದ್ದನು. ಮಗುವಿಗೆ ನೀರಿನ ಪರಿಚಯವಾದಂತೆಲ್ಲ ಆಸರೆಯನ್ನು ಕಡಮೆಮಾಡಿ, ಕೊನೆಗೊಂದು ದಿನ ಏನನ್ನೂ ಕಟ್ಟದೆ ಬಿಡುತ್ತಿದ್ದರು. ಆ ದಿನ ಮಗುವು ಹೆದರುತ್ತಿತ್ತು. ಕಲಿಸಿದವನೂ ಒಳಗೊಳಗೆ ಹೆದರುತ್ತಿದ್ದನು. ಬೆಂಡನ್ನು ಕಟ್ಟದೆ ಮಗುವನ್ನು ನೀರಿಗೆ ನೂಕುವವನು ನಿರ್ದಯನು. ಬೆಂಡನ್ನು ಕಟ್ಟಿ ಎಂದಿಗೂ ಬಿಚ್ಚದವನು ದಯಾಳುವೆಂದು ತೋರಿದರೂ ಮಗುವಿಗೆ ಈಜನ್ನು ಕೊಟ್ಟವನಲ್ಲ. ಕಟ್ಟುವುದು, ಜೊತೆಗಿರುವುದು, ಬಿಚ್ಚುವುದು—ಈ ಮೂರೂ ಸೇರಿದರೆ ಮಾತ್ರ ಹಿರಿತನವು ಪೂರ್ಣವಾಗುವುದು.

ಇದು ಹಳೆಯ ಕಾಲದ ಮಾತೆಂದು ಬದಿಗಿಡಬೇಕಾಗಿಲ್ಲ. ಮಕ್ಕಳು ಮುಳುಗಿ ಸಾಯುವುದು ಬಹಳವಾಗಿದ್ದ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಊರ ಕೊಳದೊಳಗೇ ಬಿದಿರಿನ ಅಟ್ಟಣೆಯನ್ನು ಕಟ್ಟಿ, ತರಬೇತಿ ಪಡೆದ ಊರಿನವರಿಂದಲೇ ಮಕ್ಕಳಿಗೆ ಈಜು ಕಲಿಸುವ ಏರ್ಪಾಟು ನಡೆದು ಒಳ್ಳೆಯ ಫಲವನ್ನು ಕೊಟ್ಟಿದೆ. ಅಲ್ಲಿ ಕೊಳವನ್ನು ಮುಚ್ಚಲಿಲ್ಲ. ಮಕ್ಕಳನ್ನು ಅವರ ಪಾಡಿಗೆ ಬಿಡಲೂ ಇಲ್ಲ. ಡೆನ್ಮಾರ್ಕಿನಲ್ಲಿಯೂ ಇದೇ ವಿಚಾರವು ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿತು. ಅಚ್ಚುಕಟ್ಟಾದ ಆಟದ ತೋಟಗಳಿಗಿಂತ ಮನೆ ಕಟ್ಟುವ ಕಡೆಯ ಹಲಗೆ ಇಟ್ಟಿಗೆಗಳ ರಾಶಿಯಲ್ಲಿ ಮಕ್ಕಳು ಹೆಚ್ಚು ಸಂತೋಷದಿಂದ ಆಡುವುದನ್ನು ಸೋರೆನ್‌ಸೆನ್ ಎಂಬ ಉದ್ಯಾನ ವಾಸ್ತುಶಿಲ್ಪಿಯು ಕಂಡುಕೊಂಡಿದ್ದನು. ಅವನ ಆಲೋಚನೆಯಂತೆ 1943ರಲ್ಲಿ, ದೇಶವು ಜರ್ಮನರ ವಶದಲ್ಲಿದ್ದಾಗಲೇ, ಕೋಪನ್‌ಹೇಗನ್ ನಗರದ ಎಮ್‌ಡ್ರುಪ್ ಎಂಬಲ್ಲಿ ಮಕ್ಕಳು ತಾವೇ ಅಗೆದು, ಕಡಿದು, ಕಟ್ಟಿ, ಕೆಡವಬಹುದಾದ ಬಯಲೊಂದು ಆರಂಭವಾಯಿತು. ಅಲ್ಲಿಯೂ ಒಬ್ಬ ಹಿರಿಯನಿರುತ್ತಿದ್ದನು; ಆದರೆ ಅವನು ಆಡಿಸುವವನಲ್ಲ, ಬಳಿಯಲ್ಲಿರುವವನು. 1946ರಲ್ಲಿ ಇದನ್ನು ಕಂಡ ಇಂಗ್ಲೆಂಡಿನ ಲೇಡಿ ಅಲೆನ್ ಅವರು, ಬಾಂಬು ಬಿದ್ದು ಹಾಳಾಗಿದ್ದ ತಮ್ಮ ದೇಶದ ನಗರಗಳ ನಿವೇಶನಗಳಲ್ಲಿ ಇಂಥವು ಆಗಬೇಕೆಂದು ಪ್ರಚಾರಮಾಡಿದರು. ಹಾಳುಬಿದ್ದ ನೆಲವೂ ಮಕ್ಕಳಿಗೆ ಒದಗೀತು. ಒದಗಿಸುವ ಮನಸ್ಸು ಹಿರಿಯರಿಗಿರಬೇಕು.

ಇಷ್ಟೆಲ್ಲ ಹೇಳಿದ ಮೇಲೂ ತಾಯ ಭಯವು ಹಾಗೆಯೇ ಉಳಿಯುವುದೆಂಬುದು ನಿಜ. ಅದು ಉಳಿಯತಕ್ಕದ್ದೇ. ಭಾಗವತದಲ್ಲಿ ಯಶೋದೆಯು ಮಗನನ್ನು ಒರಳಿಗೆ ಕಟ್ಟಹೋದಾಗ, ಮನೆಯ ಹಗ್ಗಗಳನ್ನೆಲ್ಲ ಜೋಡಿಸಿದರೂ ಎರಡಂಗುಲ ಸಾಲದೆಹೋಯಿತು. ತಾಯಿಯು ಬಳಲಿದುದನ್ನು ಕಂಡು ಮಗನು ತಾನಾಗಿ ಕಟ್ಟಿಗೆ ಒಳಪಟ್ಟನು. ಭಕ್ತರು ಇದರಲ್ಲಿ ಕಾಣುವ ಅರ್ಥವು ದೊಡ್ಡದು. ಗೃಹಸ್ಥರು ತಮ್ಮ ಪಾಲಿಗೆ ಒಂದು ಸಣ್ಣ ಅರ್ಥವನ್ನು ತೆಗೆದುಕೊಂಡರೆ ತಪ್ಪಲ್ಲ: ಯಾವ ತಾಯಿಯ ಹಗ್ಗವೂ ಮಗುವನ್ನು ಪೂರ್ತಿಯಾಗಿ ಸುತ್ತಲಾರದು, ಉಳಿದ ಎರಡಂಗುಲವನ್ನು ಮಗುವಿನ ವಿವೇಕವೇ ತುಂಬಬೇಕು. ಆ ವಿವೇಕವನ್ನು ಬೆಳೆಯಗೊಡದೆ ಹಗ್ಗವನ್ನೇ ಉದ್ದಮಾಡುತ್ತ ಹೋದರೆ ಕೊರತೆಯು ತೀರುವುದಿಲ್ಲ.

ಹುಟ್ಟಿದವನಿಗೆ ಕೆಲವು ಋಣಗಳುಂಟೆಂದೂ, ಪಡೆದುದನ್ನು ಮುಂದಿನವರಿಗೆ ಸಲ್ಲಿಸುವುದರಿಂದ ಅವು ತೀರುವುವೆಂದೂ ನಮ್ಮ ಹಿರಿಯರು ಹೇಳಿದರು. ಬಾಲ್ಯದ ಸಂತೋಷವೂ ಹೀಗೆ ಒಂದು ಋಣ. ಆ ಕೆರೆಯನ್ನು ಕಟ್ಟಿಸಿದವನು, ಆ ತೋಪನ್ನು ನೆಟ್ಟವನು, ಬಾವಿಯಲ್ಲಿ ಜೊತೆಗೆ ಈಜಿದವನು, ಮಗನು ಹೊತ್ತುಮುಳುಗಿದರೂ ಬಾರದಿದ್ದಾಗ ಬಾಗಿಲಲ್ಲಿ ನಿಂತು ಕಾದು, ಬಂದ ಮೇಲೆ ಬೈದು ಅನ್ನವಿಕ್ಕಿ, ಮರುದಿನ ಮತ್ತೆ ಹೋಗಗೊಟ್ಟವಳು—ಇವರೆಲ್ಲರಿಂದ ಪಡೆದದ್ದು ಅದು. ಜಗಲಿಯ ಮೇಲಣ ವರ್ಣನೆಯಿಂದ ಅದು ತೀರುವುದಿಲ್ಲ. ಊರಿನಲ್ಲಿ ಒಂದು ಬಯಲನ್ನು ಉಳಿಸುವುದರಿಂದ, ಅದು ಎಲ್ಲ ಕೇರಿಯ ಮಕ್ಕಳಿಗೂ, ಹೆಣ್ಣುಮಕ್ಕಳಿಗೂ ತೆರೆದಿರುವಂತೆ ನೋಡುವುದರಿಂದ, ತಮಗೆ ತಿಳಿದ ಈಜನ್ನೋ ಮರದ ಗುಣವನ್ನೋ ಕಲಿಸುವುದರಿಂದ, ಕಲಿಸಿದ ಮೇಲೆ ಕೈಬಿಡುವುದರಿಂದ ತೀರುವುದು. ಕಥೆ ಹೇಳುವಾಗ ಧುಮುಕಿದವನ ಜೊತೆಗೆ ಮುಳುಗಿದವನನ್ನೂ, ದಡದಲ್ಲಿ ನಿಲ್ಲಿಸಲ್ಪಟ್ಟವನನ್ನೂ ಹೇಳುವುದರಿಂದ ತೀರುವುದು.

ಹಾಗಾದರೆ ಮೊಮ್ಮಗನು ಸೀಬೆಯ ಮರವನ್ನೇರಿದಾಗ ಏನೆನ್ನಬೇಕು? ‘ಇಳಿ’ ಎನ್ನುವುದಕ್ಕೆ ಮೊದಲು ಕೊಂಬೆಯನ್ನು ನೋಡಬೇಕು. ಅದು ಹುಳು ತಿಂದದ್ದಾದರೆ ಇಳಿಸಬೇಕು. ಏಕೆಂದು ತೋರಿಸಿಯೂ ಕೊಡಬೇಕು. ಗಟ್ಟಿಯಾದುದಾದರೆ ಮರದ ಕೆಳಗೆ ನಾಲ್ಕು ಹೆಜ್ಜೆ ಈಚೆಗೆ ನಿಂತು, ಎದೆಯಲ್ಲಾಗುವ ಡವಡವವನ್ನು ತಾವೇ ಇಟ್ಟುಕೊಂಡು, ಮೊಮ್ಮಗಳನ್ನೂ ಕೇಳಬೇಕು: ‘ನೀನೂ ಹತ್ತುತ್ತೀಯೇನಮ್ಮಾ?’